ಸರ್ವರ್ ಏಳದಿದ್ದಾಗ ನೆಟ್‌ವರ್ಕ್ ಇಮೇಜಿನಿಂದ ಬೂಟ್ ಮಾಡಿ ಉಳಿಸಿಕೊಳ್ಳುವುದು: ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಗುರುವಾರ ಮಹಾವಿತರಣದವರು ಮೇಂಟೆನೆನ್ಸ್‌ಗೆಂದು ಕರೆಂಟು ತೆಗೆಯುತ್ತಾರೆ. ವರ್ಷಗಟ್ಟಲೆ ರೀಬೂಟ್ ಕಾಣದ ಭೋಸರಿಯ ಕಾರ್ಖಾನೆ ಸರ್ವರ್ ಶುಕ್ರವಾರ ಬೆಳಿಗ್ಗೆ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್) ಪ್ರಾಂಪ್ಟಿನಲ್ಲಿ ನಿಂತಿರುತ್ತದೆ. ಇಲ್ಲವೇ ರ‍್ಯಾಕ್ ಇರುವುದು ಮಹಾಪೆಯ ಡೇಟಾ ಸೆಂಟರಿನಲ್ಲಿ, ನೋಡಿಕೊಳ್ಳುವವರು ಡೊಂಬಿವಲಿಯಲ್ಲಿ, ಜುಲೈ ಮಳೆಗೆ ಲೋಕಲ್ ನಿಂತಿದೆ. ಪೆನ್‌ಡ್ರೈವ್ ಚುಚ್ಚಲು ಯಾರೂ ಇಲ್ಲದ ಇಂಥ ಹೊತ್ತಿನಲ್ಲಿ ನೆಟ್‌ವರ್ಕ್ ಬೂಟ್, ಅಂದರೆ ಸರ್ವರನ್ನು ಅದರ ಡಿಸ್ಕಿನ ಬದಲು ಜಾಲದ ಇನ್ನೊಂದು ಯಂತ್ರದಲ್ಲಿರುವ ರೆಸ್ಕ್ಯೂ ಇಮೇಜಿನಿಂದ ಎಬ್ಬಿಸುವುದು, ಕೈಹಿಡಿಯುತ್ತದೆ.

ಇದರಲ್ಲಿ ಜನ ಮತ್ತೆ ಮತ್ತೆ ಎಡವುವುದು ಎರಡು ಕಡೆ. ತೊಂದರೆ ಸ್ವಿಚ್ಚಿನಲ್ಲಿದ್ದರೂ ಸರ್ವರಿನ ಬಯೋಸ್ ಕೆದಕುತ್ತ ಕೂರುವುದು ಮೊದಲನೆಯದು. ಎರಡನೆಯದು ಹೆಚ್ಚು ಅಪಾಯಕಾರಿ: ರೆಸ್ಕ್ಯೂ ಇಮೇಜ್ ಎದ್ದ ಕೂಡಲೇ ರಿಪೇರಿ ಆಜ್ಞೆ ಕೊಡುವುದು. ಕೆಳಗಿನ ಕ್ರಮ ಈ ಎರಡನ್ನೂ ತಪ್ಪಿಸಲೆಂದೇ ಇದೆ. ಹಂತಗಳನ್ನು ಹಾರಿಸಬೇಡಿ.

ಇಲ್ಲಿ ಹೇಳಿರುವುದು 64 ಬಿಟ್ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಲಿನಕ್ಸ್ ಸರ್ವರಿಗೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದೆ.

ಹಂತ 1: ಕೈಯಲ್ಲಿ ಇರಬೇಕಾದದ್ದು

ಇಮೇಜ್ ಒದಗಿಸಲು ಇನ್ನೊಂದು ಲಿನಕ್ಸ್ ಯಂತ್ರ ಬೇಕು. ಹಳೆಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ವೈಫೈ ನಂಬಬೇಡಿ, ತಂತಿಯ ಗಿಗಾಬಿಟ್ ಪೋರ್ಟ್ ಇರಲಿ. ಇದನ್ನು ಮುಂದೆ ಆಸರೆ ಯಂತ್ರ ಎನ್ನೋಣ. ಅದಕ್ಕೆ 192.168.50.10 ಎಂಬ ಸ್ಥಿರ ವಿಳಾಸ ಕೊಟ್ಟಿದ್ದೇವೆ ಎಂದಿಟ್ಟುಕೊಳ್ಳಿ. ಡಿಎನ್‌ಎಸ್‌ಮಾಸ್ಕ್ (ಐಪಿ ಹಂಚಿ ಬೂಟ್ ಫೈಲು ಕೊಡಲು), ಎನ್‌ಜಿನ್‌ಎಕ್ಸ್ (ಇಮೇಜ್ ಕೊಡುವ ವೆಬ್ ಸರ್ವರ್), ಟಿಸಿಪಿಡಂಪ್ (ತಂತಿಯಲ್ಲಿ ಹರಿಯುವುದನ್ನು ನೋಡಲು), ಐಪಿಎಂಐಟೂಲ್ (ಸರ್ವರನ್ನು ದೂರದಿಂದ ಆನ್, ಆಫ್ ಮಾಡಲು) ಈ ನಾಲ್ಕನ್ನೂ ಮೊದಲೇ ಹಾಕಿಟ್ಟುಕೊಳ್ಳಿ. ಇಂಟರ್ನೆಟ್ಟೂ ಹೋಗಿರುವ ದಿನ ಪ್ಯಾಕೇಜ್ ಇಳಿಸಲು ಆಗುವುದಿಲ್ಲ.

ರೆಸ್ಕ್ಯೂ ಇಮೇಜಾಗಿ ಸಿಸ್ಟಂರೆಸ್ಕ್ಯೂ ಒಳ್ಳೆಯ ಆಯ್ಕೆ. ಐಎಸ್‌ಒ ಇಳಿಸಿದ ಮೇಲೆ ಅದರ ಚೆಕ್‌ಸಮ್ ಹೋಲಿಸಿ ನೋಡಿ. ಅರ್ಧ ಇಳಿದ ಇಮೇಜು ಬೂಟ್‌ನ ಕೊನೆಯ ಘಟ್ಟದಲ್ಲಿ ಕೈಕೊಡುತ್ತದೆ, ಆಗ ಕಾರಣ ಹುಡುಕುವುದು ಕಷ್ಟ. ಇಮೇಜು ಪೂರ್ತಿಯಾಗಿ ಸರ್ವರಿನ ರ‍್ಯಾಮಿಗೆ ಬರುವುದರಿಂದ 4 ಜಿಬಿ ರ‍್ಯಾಮ್ ಇದ್ದರೆ ನಿಶ್ಚಿಂತೆ.

ಉಳಿಸಿದ ಡೇಟಾ ಇಡಲು ಜಾಗ ಬೇಕು: ನ್ಯಾಸ್ (ಜಾಲದ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ) ಅಥವಾ ದೊಡ್ಡ ಡಿಸ್ಕ್. ಹಾಗೆಯೇ ಸರ್ವರನ್ನು ದೂರದಿಂದ ನಿಯಂತ್ರಿಸಲು ಅದರೊಳಗಿರುವ ಬಿಎಂಸಿ, ಅಂದರೆ ಐಡ್ರ್ಯಾಕ್, ಐಎಲ್‌ಒ ಅಥವಾ ಅಂಥದ್ದರ ವಿಳಾಸ ಮತ್ತು ಪಾಸ್‌ವರ್ಡ್. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ರಿಕವರಿ ಕೀ. ಈ ಕೀ ಇಲ್ಲದೆ ಮುಂದೆ ಹೋಗಬೇಡಿ. ಯಾಕೆಂಬುದು ಹಂತ 4ರಲ್ಲಿದೆ.

ಹಂತ 2: ತಂತಿ, ಪೋರ್ಟು, ವಿಎಲ್ಯಾನ್

ವೈಫಲ್ಯಗಳಲ್ಲಿ ಬಹುಪಾಲು ಇಲ್ಲೇ. ಸರ್ವರ್ ಮುಟ್ಟುವ ಮೊದಲು ಸ್ವಿಚ್ ನೋಡಿ.

ಪೋರ್ಟಿಗೆ ಲಿಂಕ್ ಬಂದ ಮೇಲೆ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಅದನ್ನು ಸುಮಾರು 30 ಸೆಕೆಂಡು ತಡೆಹಿಡಿಯುತ್ತದೆ: ಆಲಿಸಲು 15, ಕಲಿಯಲು 15. ಅಷ್ಟರಲ್ಲಿ ಸರ್ವರಿನ ಕಾರ್ಡು ಐಪಿ ಕೇಳಿ ಕೇಳಿ ಸುಮ್ಮನಾಗಿರುತ್ತದೆ. ಆ ಪೋರ್ಟಿಗೆ ಪೋರ್ಟ್‌ಫಾಸ್ಟ್, ಅಥವಾ ನಿಮ್ಮ ಸ್ವಿಚ್ಚಿನಲ್ಲಿ ಎಡ್ಜ್ ಪೋರ್ಟ್ ಎಂದಿರುವುದನ್ನು ಹಾಕಿ.

ಎರಡು ಪೋರ್ಟ್ ಸೇರಿಸಿ ಎಲ್‌ಎಸಿಪಿ ಬಾಂಡ್ ಮಾಡಿದ್ದರೆ ಇನ್ನೊಂದು ತೊಡಕು. ಬೂಟ್ ಹೊತ್ತಿನ ಕಾರ್ಡಿಗೆ ಎಲ್‌ಎಸಿಪಿ ಮಾತಾಡಲು ಬರುವುದಿಲ್ಲ, ಹಾಗಾಗಿ ಬಹಳ ಸ್ವಿಚ್ಚುಗಳು ಆ ಪೋರ್ಟನ್ನು ಅಮಾನತಿನಲ್ಲಿಡುತ್ತವೆ. ಒಂದು ಪೋರ್ಟನ್ನು ತಾತ್ಕಾಲಿಕವಾಗಿ ಬಂಡಲ್‌ನಿಂದ ಹೊರತೆಗೆದು ಬರೀ ಆಕ್ಸೆಸ್ ಪೋರ್ಟ್ ಮಾಡಿ. ವಿಎಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಉಪಜಾಲ) ಟ್ಯಾಗ್ ಇದ್ದರೂ ಇದೇ ಉಪಾಯ: ರೆಸ್ಕ್ಯೂ ವಿಎಲ್ಯಾನ್ ಟ್ಯಾಗ್ ಇಲ್ಲದೆ ಬರಲಿ.

ಡಿಎಚ್‌ಸಿಪಿ ಎಂದರೆ ಯಂತ್ರಗಳಿಗೆ ಐಪಿ ಹಂಚುವ ಸೇವೆ. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಇದ್ದರೆ ನಿಮ್ಮ ಆಸರೆ ಯಂತ್ರದ ಉತ್ತರವನ್ನು ಸ್ವಿಚ್ ಸದ್ದಿಲ್ಲದೆ ಎಸೆಯುತ್ತದೆ. ಆಸರೆ ಯಂತ್ರ ಇರುವ ಪೋರ್ಟನ್ನು ಟ್ರಸ್ಟೆಡ್ ಎಂದು ಗುರುತಿಸಿ. ಸರ್ವರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ಆ ವಿಎಲ್ಯಾನ್‌ನ ಗೇಟ್‌ವೇಯಲ್ಲಿ ಡಿಎಚ್‌ಸಿಪಿ ರಿಲೇ ಬೇಕೇ ಬೇಕು, ಯಾಕೆಂದರೆ ಬ್ರಾಡ್‌ಕಾಸ್ಟ್ ರೂಟರ್ ದಾಟುವುದಿಲ್ಲ.

ಗೋವಾದ ವೆರ್ಣಾ ಕಡೆ, ಮುಂಬಯಿಯ ಸಮುದ್ರದಂಚಿನ ಕಟ್ಟಡಗಳಲ್ಲಿ ಕೇಬಲ್ಲಿನ ತುದಿಯನ್ನೊಮ್ಮೆ ಕಣ್ಣಾರೆ ನೋಡಿ. ಉಪ್ಪುಗಾಳಿಗೆ ಪಿನ್ನು ಹಸಿರುಗಟ್ಟಿದ್ದರೆ ಗಿಗಾಬಿಟ್ ಬದಲು 100 ಮೆಗಾಬಿಟ್‌ನಲ್ಲಿ ಲಿಂಕ್ ಬರುತ್ತದೆ, ಅಥವಾ ಬಂದು ಹೋಗುತ್ತಿರುತ್ತದೆ. ಹೊಸ ಪ್ಯಾಚ್ ಕೇಬಲ್ ಹಾಕಿ ನೋಡುವುದು ಒಂದು ನಿಮಿಷದ ಕೆಲಸ.

ಹಂತ 3: ಆಸರೆ ಯಂತ್ರ ಸಜ್ಜುಗೊಳಿಸುವುದು

ಮೊದಲು ಒಂದು ನಿರ್ಧಾರ: ಐಪಿ ಕೊಡುವವರು ಯಾರು? ಆಫೀಸಿನ ಚಾಲ್ತಿ ಲ್ಯಾನಿನಲ್ಲಿ ಎರಡನೇ ಡಿಎಚ್‌ಸಿಪಿ ಸರ್ವರ್ ಎಂದಿಗೂ ಹೂಡಬೇಡಿ. ಮಾಟುಂಗಾದ ಒಂದು ಹೋಟೆಲಿನಲ್ಲಿ ಬಿಲ್ಲಿಂಗ್ ಕೌಂಟರು, ಕಿಚನ್ ಪ್ರಿಂಟರು, ಸಿಸಿಟಿವಿ ಎಲ್ಲ ಒಂದೇ ಸ್ವಿಚ್ಚಿನಲ್ಲಿವೆ ಎಂದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ತಪ್ಪು ಗೇಟ್‌ವೇ ಹಂಚಿದರೆ ಸರ್ವರಿನ ಜೊತೆ ಅವೂ ಮಲಗುತ್ತವೆ. ಎರಡು ಸುರಕ್ಷಿತ ದಾರಿಗಳಿವೆ. ಸರ್ವರ್ ಮತ್ತು ಆಸರೆ ಯಂತ್ರ ಎರಡನ್ನೇ ಬೇರೆ ಪುಟ್ಟ ಸ್ವಿಚ್ಚಿಗೆ ಅಥವಾ ಬೇರೆ ವಿಎಲ್ಯಾನಿಗೆ ಹಾಕುವುದು ಒಂದು. ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ರೀತಿಯಲ್ಲಿ ಓಡಿಸುವುದು ಇನ್ನೊಂದು. ಆಗ ಐಪಿ ಕೊಡುವುದು ಹಳೆಯ ರೂಟರೇ, ಬೂಟ್ ಫೈಲಿನ ಹೆಸರು ಮಾತ್ರ ನಿಮ್ಮದು. ಸಾಧ್ಯವಿದ್ದರೆ ಮೊದಲನೆಯದನ್ನೇ ಆರಿಸಿ. ಪ್ರಾಕ್ಸಿ ರೀತಿಯಲ್ಲಿ ಕೆಲವು ಯುಇಎಫ್‌ಐ (ಬಯೋಸಿನ ಜಾಗಕ್ಕೆ ಬಂದ ಹೊಸ ಬಗೆ) ಫರ್ಮ್‌ವೇರ್‌ಗಳು ತಕರಾರು ಮಾಡುತ್ತವೆ.

ನೆಟ್‌ವರ್ಕ್ ಕಾರ್ಡಿನಿಂದ ಬೂಟ್ ಆಗುವ ವಿಧಾನಕ್ಕೆ ಪಿಎಕ್ಸ್‌ಇ ಎಂದು ಹೆಸರು; ಐಪಿಎಕ್ಸ್‌ಇ ಎಂಬುದು ಎಚ್‌ಟಿಟಿಪಿಯನ್ನೂ ಬಲ್ಲ ಅದರ ಪುಟ್ಟ ಬೂಟ್‌ಲೋಡರ್. ಅದರ ಬೂಟ್ ಫೈಲು ಎರಡು ಬೇಕು. ಹಳೆಯ ಬಯೋಸಿಗೆ ಅನ್‌ಡಿಐಓನ್ಲಿ.ಕೆಪಿಎಕ್ಸ್‌ಇ, ಯುಇಎಫ್‌ಐಗೆ ಐಪಿಎಕ್ಸ್‌ಇ.ಇಎಫ್‌ಐ. ಒಂದರ ಜಾಗದಲ್ಲಿ ಇನ್ನೊಂದು ಕೊಟ್ಟರೆ ಫೈಲು ಇಳಿಯುತ್ತದೆ, ಆಮೇಲೆ ಏನೂ ಆಗುವುದಿಲ್ಲ. ಸರ್ವರ್ ಯಾವ ಬಗೆಯದೆಂದು ಡಿಎಚ್‌ಸಿಪಿ ಆಯ್ಕೆ 93ರಲ್ಲಿ ತಿಳಿಸುತ್ತದೆ: 0 ಎಂದರೆ ಬಯೋಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಕೆಲವು ಫರ್ಮ್‌ವೇರ್ 9 ಎನ್ನುವುದೂ ಉಂಟು, ಆದ್ದರಿಂದ 7ಕ್ಕೂ 9ಕ್ಕೂ ಒಂದೇ ಫೈಲು ಕಟ್ಟಿಬಿಡಿ.

ಕರ್ನಲ್ ಮತ್ತು ಇಮೇಜನ್ನು ಟಿಎಫ್‌ಟಿಪಿ (ಫೈಲು ಕಳಿಸುವ ಹಳೆಯ ಸರಳ ವಿಧಾನ) ಮೂಲಕ ಕಳಿಸಬೇಡಿ. ಅದು ಮೂಲ ರೂಪದಲ್ಲಿ ಒಮ್ಮೆಗೆ 512 ಬೈಟ್ ಕಳಿಸಿ ರಸೀತಿಗೆ ಕಾಯುತ್ತದೆ. ಪುಣೆಯಿಂದ ಮುಂಬಯಿಗೆ 20 ಮಿಲಿಸೆಕೆಂಡ್ ವಿಳಂಬದ ವಿಪಿಎನ್ ಇದ್ದರೆ 60 ಎಂಬಿ ಫೈಲಿಗೆ ಬರೀ ಕಾಯುವುದರಲ್ಲೇ ಸುಮಾರು 40 ನಿಮಿಷ. ಹಳೆಯ ಟಿಎಫ್‌ಟಿಪಿ ಅನುಷ್ಠಾನಗಳಲ್ಲಿ ಬ್ಲಾಕ್ ಸಂಖ್ಯೆ 65535ಕ್ಕೆ ಮುಗಿಯುವುದರಿಂದ 32 ಎಂಬಿಗೆ ವರ್ಗಾವಣೆ ಕಡಿದು ಬೀಳುತ್ತದೆ. ಪುಟ್ಟ ಐಪಿಎಕ್ಸ್‌ಇ ಫೈಲು ಮಾತ್ರ ಟಿಎಫ್‌ಟಿಪಿಯಲ್ಲಿ ಹೋಗಲಿ, ಉಳಿದದ್ದೆಲ್ಲ ಎಚ್‌ಟಿಟಿಪಿಯಲ್ಲಿ.

ಐಪಿಎಕ್ಸ್‌ಇ ಎದ್ದ ಮೇಲೆ ತಾನೂ ಒಮ್ಮೆ ಡಿಎಚ್‌ಸಿಪಿ ಕೇಳುತ್ತದೆ. ಆಗಲೂ ನೀವು ಐಪಿಎಕ್ಸ್‌ಇ ಫೈಲನ್ನೇ ಕೊಟ್ಟರೆ ಅದು ತನ್ನನ್ನು ತಾನೇ ಇಳಿಸಿಕೊಳ್ಳುತ್ತ ಸುತ್ತುತ್ತಿರುತ್ತದೆ. ಕೇಳಿಕೆಯಲ್ಲಿ ಆಯ್ಕೆ 175 ಇದ್ದರೆ ಕೇಳುತ್ತಿರುವುದು ಐಪಿಎಕ್ಸ್‌ಇ ಎಂದರ್ಥ. ಅಂಥದ್ದಕ್ಕೆ ಸ್ಕ್ರಿಪ್ಟಿನ ಎಚ್‌ಟಿಟಿಪಿ ವಿಳಾಸ ಕೊಡುವಂತೆ ಡಿಎನ್‌ಎಸ್‌ಮಾಸ್ಕಿನಲ್ಲಿ ಒಂದು ಸಾಲು ಬರೆಯಿರಿ.

ಸ್ಕ್ರಿಪ್ಟಿನಲ್ಲಿ ಕರ್ನಲ್ ಸಾಲು, ಇನಿಟ್‌ಆರ್‌ಡಿ (ಕರ್ನಲ್ ಜೊತೆ ಬರುವ ಆರಂಭಿಕ ಫೈಲುಗಳ ಕಟ್ಟು) ಸಾಲು, ಬೂಟ್ ಸಾಲು ಇಷ್ಟೇ. ಸಿಸ್ಟಂರೆಸ್ಕ್ಯೂಗೆ ಕರ್ನಲ್ ಸಾಲಿನಲ್ಲಿ ಇವು ಸೇರಬೇಕು: ಆರ್ಚ್‌ಐಸೊಬೇಸ್‌ಡಿರ್=ಸಿಸ್‌ರೆಸ್ಕ್‌ಸಿಡಿ, ಐಪಿ=ಡಿಎಚ್‌ಸಿಪಿ, ಚೆಕ್‌ಸಮ್, ಮತ್ತು ಆರ್ಚ್‌ಐಸೊ_ಎಚ್‌ಟಿಟಿಪಿ_ಎಸ್‌ಆರ್‌ವಿ= ಎಂದು ಆಸರೆ ಯಂತ್ರದ ವಿಳಾಸ. ವಿಳಾಸದ ಕೊನೆಯ ಓರೆಗೆರೆ ಬಿಡಬೇಡಿ, ಬಿಟ್ಟರೆ ಇಮೇಜ್ ಸಿಗದೆ ನಿಲ್ಲುತ್ತದೆ. ಯುಇಎಫ್‌ಐನಲ್ಲಿ ಇನಿಟ್‌ಆರ್‌ಡಿ= ಎಂದು ಫೈಲಿನ ಹೆಸರನ್ನು ಕರ್ನಲ್ ಸಾಲಿನಲ್ಲೂ ಬರೆಯಬೇಕು; ಇದನ್ನು ಮರೆತರೆ ಕರ್ನಲ್ ಪ್ಯಾನಿಕ್. ದೂರದಿಂದ ಎಸ್‌ಎಸ್‌ಎಚ್ ಮಾಡುವುದಾದರೆ ರೂಟ್‌ಪಾಸ್= ಎಂದು ಪಾಸ್‌ವರ್ಡ್ ಕೊಟ್ಟು ನೋಫೈರ್‌ವಾಲ್ ಸೇರಿಸಿ, ಯಾಕೆಂದರೆ ಈ ಇಮೇಜಿನ ಫೈರ್‌ವಾಲ್ ಹೊರಗಿನ ಸಂಪರ್ಕ ಬಿಡುವುದಿಲ್ಲ. ಆ ಪಾಸ್‌ವರ್ಡ್ ಸ್ಕ್ರಿಪ್ಟಿನಲ್ಲಿ ಯಾರಿಗೂ ಕಾಣುವಂತಿರುತ್ತದೆ. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ನಾಲ್ಕು ಪೋರ್ಟಿನ ಸರ್ವರಾದರೆ ಬೂಟ್‌ಐಎಫ್= ಎಂದು ದೊಡ್ಡಕ್ಷರದಲ್ಲಿ ಬರೆದು, 01- ಸೇರಿಸಿ, ಬೂಟ್ ಆಗುತ್ತಿರುವ ಕಾರ್ಡಿನ ಮ್ಯಾಕ್ ವಿಳಾಸ ಕೊಡಿ. ಇಲ್ಲದಿದ್ದರೆ ಲಿನಕ್ಸ್ ಬೇರೆ ಪೋರ್ಟಿನಲ್ಲಿ ಐಪಿ ಹುಡುಕುತ್ತ ನಿಲ್ಲಬಹುದು.

ಎಚ್‌ಟಿಟಿಪಿಎಸ್ ಬೇಡ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತ ಸರ್ವರಿನ ಗಡಿಯಾರ ಎಷ್ಟೋ ವರ್ಷ ಹಿಂದಿರುತ್ತದೆ, ಸರ್ಟಿಫಿಕೇಟ್ ಒಪ್ಪುವುದಿಲ್ಲ.

ಸರ್ವರನ್ನು ಚಾಲೂ ಮಾಡುವ ಮೊದಲು ಇನ್ನೊಂದು ಯಂತ್ರದಿಂದ ಕರ್ಲ್ ಮೂಲಕ ಸ್ಕ್ರಿಪ್ಟ್, ಕರ್ನಲ್, ಇಮೇಜ್ ಮೂರರ ವಿಳಾಸವನ್ನೂ ಕೇಳಿ ನೋಡಿ. ಮೂರಕ್ಕೂ 200 ಬರಬೇಕು. 403 ಬಂದರೆ ಫೈಲಿನ ಅನುಮತಿ ಅಥವಾ ಎಸ್‌ಇಲಿನಕ್ಸ್ (ಲಿನಕ್ಸಿನ ಭದ್ರತಾ ವ್ಯವಸ್ಥೆ) ಲೇಬಲ್ ತಪ್ಪಿದೆ.

ಹಂತ 4: ಸರ್ವರನ್ನು ನೆಟ್‌ವರ್ಕಿನಿಂದ ಎಬ್ಬಿಸುವುದು

ಸರ್ವರಿಗೆ ಸ್ಯಾನ್ (ಹಲವು ಸರ್ವರ್‌ಗಳು ಹಂಚಿಕೊಳ್ಳುವ ಡಿಸ್ಕ್ ಜಾಲ) ಜೋಡಣೆ ಇದ್ದರೆ ಮೊದಲು ಅದರ ಫೈಬರ್ ಕೇಬಲ್ ಕಳಚಿಸಿ. ಯಾಕೆಂಬುದು ಹಂತ 6ರಲ್ಲಿದೆ. ಬೂಟ್ ಕ್ರಮವನ್ನು ಕಾಯಂ ಬದಲಿಸಬೇಡಿ, ಒಂದು ಸಲಕ್ಕೆ ಮಾತ್ರ ಹೇಳಿ. ಎದುರಿಗಿದ್ದರೆ ಡೆಲ್, ಎಚ್‌ಪಿಇ, ಸೂಪರ್‌ಮೈಕ್ರೋಗಳಲ್ಲಿ ಸಾಮಾನ್ಯವಾಗಿ ಎಫ್12. ದೂರದಿಂದಾದರೆ ಐಪಿಎಂಐಟೂಲಿನಲ್ಲಿ ಚಾಸಿಸ್ ಬೂಟ್‌ಡೆವ್ ಪಿಎಕ್ಸ್‌ಇ ಆಪ್ಷನ್ಸ್=ಇಎಫ್‌ಐಬೂಟ್, ಅದರ ಹಿಂದೆಯೇ ಚಾಸಿಸ್ ಪವರ್ ಸೈಕಲ್. ಎರಡರ ನಡುವೆ ಚಹಾಕ್ಕೆ ಹೋಗಬೇಡಿ: 60 ಸೆಕೆಂಡಿನೊಳಗೆ ಪವರ್ ಆಜ್ಞೆ ಬರದಿದ್ದರೆ ಬಿಎಂಸಿ ಆ ಗುರುತನ್ನು ಅಳಿಸಿಬಿಡಬಹುದು. ಇಎಫ್‌ಐಬೂಟ್ ಸೇರಿಸದಿದ್ದರೆ ಕೆಲವು ಸರ್ವರ್ ಬಯೋಸ್ ರೀತಿಯಲ್ಲಿ ಏಳುತ್ತವೆ. ಹಂತ 7ರಲ್ಲಿ ಅದು ಕಾಡುತ್ತದೆ.

ಸಹಿ ಇಲ್ಲದ ಐಪಿಎಕ್ಸ್‌ಇಯನ್ನು ಸೆಕ್ಯೂರ್ ಬೂಟ್ ಒಪ್ಪುವುದಿಲ್ಲ, ಆದ್ದರಿಂದ ತಾತ್ಕಾಲಿಕವಾಗಿ ಆಫ್ ಮಾಡಬೇಕು. ಆಫ್ ಮಾಡಿದೊಡನೆ ಟಿಪಿಎಂಗೆ (ಬೀಗದ ಕೀ ಕಾಯುವ ಚಿಪ್) ಕಟ್ಟಿದ ಡಿಸ್ಕ್ ಬೀಗ ತಾನಾಗಿ ತೆರೆಯುವುದು ನಿಲ್ಲಬಹುದು. ರಿಕವರಿ ಕೀ ಮೊದಲೇ ಕೈಯಲ್ಲಿರಲಿ ಎಂದದ್ದು ಇದಕ್ಕೇ.

ಡೇಟಾ ಸೆಂಟರಿನ ಹುಡುಗನಿಂದ ಫೋನಿನಲ್ಲಿ ಕೆಲಸ ಮಾಡಿಸುವುದಾದರೆ ಮರಾಠಿಯಲ್ಲೋ ಹಿಂದಿಯಲ್ಲೋ ರ‍್ಯಾಕ್ ಸಂಖ್ಯೆ, ಯು ಸಂಖ್ಯೆ (ಅದರೊಳಗಿನ ಅಂತಸ್ತು), ಸೀರಿಯಲ್ ನಂಬರ್ ಮೂರನ್ನೂ ಓದಿಸಿ, ಮುಟ್ಟುವ ಮೊದಲು ಫೋಟೋ ತರಿಸಿ. "ಮೇಲಿನಿಂದ ಮೂರನೆಯದು" ಎಂಬ ಮಾತಿನ ಮೇಲೆ ಸರಿಯಾಗಿ ಓಡುತ್ತಿರುವ ಸರ್ವರ್ ಆಫ್ ಆಗಬಾರದು.

ಹಂತ 5: ಎಲ್ಲಿ ನಿಂತಿತೆಂದು ಓದುವುದು

ಆಸರೆ ಯಂತ್ರದಲ್ಲಿ ಟಿಸಿಪಿಡಂಪ್ ಓಡಲಿ, ಪೋರ್ಟ್ 67, 68, 69, 4011 ನಾಲ್ಕನ್ನೂ ನೋಡಲಿ. ಇದಿಲ್ಲದೆ ಮಾಡುವ ಊಹೆಗಳೆಲ್ಲ ಸಮಯ ಹಾಳು.

ಸರ್ವರಿನ ಕೇಳಿಕೆಯೇ ಕಾಣದಿದ್ದರೆ ತೊಂದರೆ ಸ್ವಿಚ್ಚಿನಲ್ಲಿದೆ, ಹಂತ 2ಕ್ಕೆ ಮರಳಿ. ಆಗ ಪರದೆಯ ಮೇಲೆ ಪಿಎಕ್ಸ್‌ಇ ದೋಷ ಸಂಖ್ಯೆ ಇ51, ಯುಇಎಫ್‌ಐ ಆದರೆ ಇ16 ಇರುತ್ತದೆ. ಇ61 ಬಂದರೆ ಕೇಬಲ್ಲೇ ಸರಿಯಿಲ್ಲ. ಕೇಳಿಕೆ ಬಂದು ನೀವು ಉತ್ತರಿಸಿದ್ದೂ ಕಂಡು, ಸರ್ವರ್ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರೆ ಉತ್ತರ ದಾರಿಯಲ್ಲಿ ಸಾಯುತ್ತಿದೆ: ಸ್ನೂಪಿಂಗ್ ನೋಡಿ. ಇ53 ಎಂದರೆ ಐಪಿ ಸಿಕ್ಕಿತು, ಫೈಲಿನ ಹೆಸರು ಸಿಗಲಿಲ್ಲ. ಬೇರೆ ಡಿಎಚ್‌ಸಿಪಿ ನಿಮಗಿಂತ ಮೊದಲು ಉತ್ತರಿಸಿದೆ ಅಥವಾ ಆಯ್ಕೆ 93ರ ಸಾಲು ಹೊಂದಿಲ್ಲ. ಇ55 ಬಂದರೆ 4011ನೇ ಪೋರ್ಟಿನಿಂದ ಉತ್ತರ ಬಂದಿಲ್ಲ, ಫೈರ್‌ವಾಲ್ ತಡೆದಿರಬಹುದು.

ಇ32, ಅಂದರೆ ಟಿಎಫ್‌ಟಿಪಿ ಉತ್ತರಕ್ಕೆ ಕಾದು ಸಮಯ ಮೀರಿತೆಂಬುದು, ಬಹಳ ಜನರನ್ನು ದಿಕ್ಕು ತಪ್ಪಿಸುತ್ತದೆ. ಫೈರ್‌ವಾಲಿನಲ್ಲಿ 69 ತೆರೆದಿದ್ದರೂ ಇದು ಬರುತ್ತದೆ, ಯಾಕೆಂದರೆ ಟಿಎಫ್‌ಟಿಪಿ ಕೇಳಿಕೆ ಮಾತ್ರ 69ಕ್ಕೆ ಬರುತ್ತದೆ, ಡೇಟಾ ಬೇರೆ ಪೋರ್ಟಿನಿಂದ ಹೋಗುತ್ತದೆ. ರೆಸ್ಕ್ಯೂ ಮುಗಿಯುವವರೆಗೆ ಆ ಸಬ್‌ನೆಟ್‌ನ ಯುಡಿಪಿ ಪೂರ್ತಿ ಬಿಡಿ.

ಹಂತ 6: ಎದ್ದಿತು. ಈಗ ಏನನ್ನೂ ಬರೆಯಬೇಡಿ

ಡೇಟಾ ಕಳೆದುಕೊಳ್ಳುವುದು ಬಹುಮಟ್ಟಿಗೆ ಇಲ್ಲಿ, ಡಿಸ್ಕ್ ಕೆಟ್ಟ ಹೊತ್ತಿನಲ್ಲಿ ಅಲ್ಲ. ಓದಿ, ನಕಲು ಮಾಡಿ, ಆಮೇಲೆ ರಿಪೇರಿ.

ಬೂಟ್‌ಗೂ ಮೊದಲೇ ಸ್ಯಾನ್‌ನ ಫೈಬರ್ ಕೇಬಲ್ ಕಳಚಿಸಿ ಎಂದದ್ದು ಯಾಕೆ? ಕೇಬಲ್ ಇದ್ದರೆ ರೆಸ್ಕ್ಯೂ ಇಮೇಜಿಗೆ ಇತರ ಸರ್ವರ್‌ಗಳು ಆಗಲೇ ಬಳಸುತ್ತಿರುವ ಡಿಸ್ಕುಗಳೂ ಕಾಣುತ್ತವೆ. ಅವನ್ನು ಇಲ್ಲಿ ಮೌಂಟ್ ಮಾಡಿದರೆ ಎರಡು ಕಡೆಯಿಂದ ಬರೆದು ಹಾಳಾಗುತ್ತವೆ.

ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಟ್ಟು ಡಿಸ್ಕುಗಳ ಪಟ್ಟಿಯನ್ನು ಫೈಲಿಗೆ ಉಳಿಸಿ. ಒಂದೂ ಕಾಣದಿದ್ದರೆ ಡಿಸ್ಕ್ ಸತ್ತಿದೆ ಎಂದುಕೊಳ್ಳಬೇಡಿ. ಎಲ್‌ಎಸ್‌ಪಿಸಿಐ -ಕೆ ಕೊಟ್ಟು ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಕಂಟ್ರೋಲರಿಗೆ ಡ್ರೈವರ್ ಸಿಕ್ಕಿದೆಯೇ ನೋಡಿ. ಕಂಟ್ರೋಲರ್ ಪರದೆಯಲ್ಲಿ ಫಾರಿನ್ ಕಾನ್ಫಿಗರೇಷನ್ ಎಂದಿದ್ದರೆ ಕ್ಲಿಯರ್, ಇನಿಷಿಯಲೈಸ್ ಎರಡೂ ಬೇಡ. ಯಾವ ಡಿಸ್ಕ್ ಯಾವಾಗ ಹೊರಬಿತ್ತೆಂದು ತಿಳಿದ ಮೇಲೆ ಮಾತ್ರ ಇಂಪೋರ್ಟ್.

ನಂತರ ಡಿಸ್ಕಿನ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್ -ಎ. ಪೆಂಡಿಂಗ್ ಸೆಕ್ಟರ್ ಎಣಿಕೆ ಸೊನ್ನೆಗಿಂತ ಹೆಚ್ಚಿದ್ದು ಏರುತ್ತಿದ್ದರೆ, ಕರ್ನಲ್ ಸಂದೇಶ ತೋರಿಸುವ ಡಿಮೆಸ್ಗಿನಲ್ಲಿ ಐಒ ಎರರ್ ಸಾಲುಗಳು ಬರುತ್ತಿದ್ದರೆ, ಆ ಡಿಸ್ಕಿನ ಮೇಲೆ ಫೈಲ್‌ಸಿಸ್ಟಂ ಪರೀಕ್ಷೆ ಓಡಿಸಬೇಡಿ. ಕೆಡುತ್ತಿರುವ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಮೊದಲು -ಎನ್ ಸೇರಿಸಿ ಓಡಲಿ, ಸುಲಭಕ್ಕೆ ಬರುವುದನ್ನೆಲ್ಲ ಎತ್ತಿಕೊಳ್ಳಲಿ. ಎರಡನೇ ಸುತ್ತಿನಲ್ಲಿ -ಡಿ -ಆರ್3 ಕೊಟ್ಟು ಕೆಟ್ಟ ಭಾಗ ಹಿಡಿಯಿರಿ. ಮ್ಯಾಪ್ ಫೈಲ್ ನ್ಯಾಸ್ ಮೇಲಿರಲಿ; ರ‍್ಯಾಮಿನಲ್ಲಿಟ್ಟರೆ ಕರೆಂಟು ಹೋದಾಗ ಎಲ್ಲಿಯವರೆಗೆ ಓದಿತ್ತೆಂಬ ಲೆಕ್ಕವೂ ಹೋಗುತ್ತದೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಪವರ್ ತೆಗೆದು ಅಲ್ಲಿಗೇ ನಿಲ್ಲಿಸಿ. ಮುಂದಿನದು ಡೇಟಾ ರಿಕವರಿ ಲ್ಯಾಬಿನ ಕೆಲಸ.

ಸಾಫ್ಟ್‌ವೇರ್ ರೇಡ್ ಇದ್ದರೆ ಮೊದಲು /ಪ್ರಾಕ್/ಎಂಡಿಸ್ಟ್ಯಾಟ್ ನೋಡಿ. ಇಮೇಜ್ ತಾನೇ ಜೋಡಿಸಿ ರೀಸಿಂಕ್ ಶುರು ಮಾಡಿದ್ದರೆ ಎಂಡಿಎಡಿಎಂ --ಸ್ಟಾಪ್ ಕೊಟ್ಟು ನಿಲ್ಲಿಸಿ, --ಅಸೆಂಬಲ್ --ಸ್ಕ್ಯಾನ್ --ರೀಡ್ಓನ್ಲಿ ಎಂದು ಮರುಜೋಡಿಸಿ. --ಎಕ್ಸಾಮಿನ್ ಕೊಟ್ಟರೆ ಪ್ರತಿ ಡಿಸ್ಕಿನ ಈವೆಂಟ್ ಸಂಖ್ಯೆ ಕಾಣುತ್ತದೆ. ತೀರಾ ಹಿಂದುಳಿದದ್ದು ಹಳೆಯ ಡೇಟಾ ಹೊತ್ತ ಡಿಸ್ಕ್. --ಕ್ರಿಯೇಟ್ ಎಂಬುದನ್ನು ಇಲ್ಲಿ ಕೈತಪ್ಪಿಯೂ ಟೈಪ್ ಮಾಡಬೇಡಿ, ಅದು ರೇಡಿನ ಗುರುತುಗಳನ್ನೇ ಹೊಸದಾಗಿ ಬರೆಯುತ್ತದೆ. ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಪದರ) ಇದ್ದರೆ ಅದನ್ನು ಎಬ್ಬಿಸಲು ವಿಜಿಚೇಂಜ್ -ಎವೈ.

ಬರೀ ರೀಡ್-ಓನ್ಲಿ ಮೌಂಟ್ ಸಾಲದು, ಏಕೆಂದರೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಆಗಲೂ ಜರ್ನಲ್ (ಬಾಕಿ ಬದಲಾವಣೆಗಳ ದಾಖಲೆ) ಓಡಿಸಿ ಡಿಸ್ಕಿಗೆ ಬರೆಯುತ್ತದೆ. ಇಎಕ್ಸ್‌ಟಿ4ಗೆ -ಒ ಆರ್‌ಒ,ನೋಲೋಡ್ ಎಂದೂ ಎಕ್ಸ್‌ಎಫ್‌ಎಸ್‌ಗೆ -ಒ ಆರ್‌ಒ,ನೋರಿಕವರಿ ಎಂದೂ ಕೊಡಿ. ಆಮೇಲೆ ಆರ್‌ಸಿಂಕ್: ಸಣ್ಣ -ಎ, ಜೊತೆಗೆ ದೊಡ್ಡಕ್ಷರದ ಎಚ್, ಎ, ಎಕ್ಸ್, ಮತ್ತು --ನ್ಯೂಮೆರಿಕ್-ಐಡಿಎಸ್. ಕೊನೆಯದನ್ನು ಬಿಟ್ಟರೆ ಫೈಲುಗಳ ಮಾಲೀಕತ್ವ ಅದಲುಬದಲಾಗಬಹುದು. ಗಿಗಾಬಿಟ್ ತಂತಿಯಲ್ಲಿ 2 ಟಿಬಿಗೆ ಸುಮಾರು 5 ತಾಸು ಹಿಡಿಯುತ್ತದೆ. ಮಾಲೀಕರಿಗೆ ಅದನ್ನು ಮೊದಲೇ ಹೇಳಿ, ಅರ್ಧದಲ್ಲಿ ಅವಸರಿಸದಂತೆ. ಡೇಟಾಬೇಸ್ ಮತ್ತು ಅಕೌಂಟ್ಸ್ ಫೋಲ್ಡರ್ ಮೊದಲು ಹೋಗಲಿ, ಲಾಗ್ ಫೈಲುಗಳು ಕೊನೆಗೆ.

ಹಂತ 7: ರಿಪೇರಿ

ನಕಲು ತೆರೆದು ನೋಡಿ ಸರಿಯಿದೆ ಎಂದಾದ ಮೇಲೆ, ಮೌಂಟ್ ತೆಗೆದು, ಮೊದಲು ಬರೆಯದ ಪರೀಕ್ಷೆ: ಇಎಕ್ಸ್‌ಟಿ4ಗೆ ಇ2ಎಫ್‌ಎಸ್‌ಸಿಕೆ -ಎನ್, ಎಕ್ಸ್‌ಎಫ್‌ಎಸ್‌ಗೆ ಎಕ್ಸ್‌ಎಫ್‌ಎಸ್_ರಿಪೇರ್ -ಎನ್. ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಂನ ಮೂಲ ಮಾಹಿತಿ) ಕೆಟ್ಟಿದ್ದರೆ 4 ಕೆಬಿ ಬ್ಲಾಕಿನ ಇಎಕ್ಸ್‌ಟಿ4ನಲ್ಲಿ -ಬಿ 32768 ಎಂದು ಬದಲಿ ಪ್ರತಿ ಬಳಸಬಹುದು. ಎಕ್ಸ್‌ಎಫ್‌ಎಸ್_ರಿಪೇರ್‌ಗೆ ದೊಡ್ಡಕ್ಷರದ -ಎಲ್ ಕೊಡುವುದು ಕೊನೆಯ ಅಸ್ತ್ರ. ಅದು ಲಾಗನ್ನೇ ಅಳಿಸುತ್ತದೆ, ಇತ್ತೀಚಿನ ಬದಲಾವಣೆಗಳು ಜೊತೆಗೇ ಹೋಗುತ್ತವೆ.

ಫೈಲ್‌ಸಿಸ್ಟಂ ಸರಿಯಿದ್ದು ಬೂಟ್ ಮಾತ್ರ ಆಗುತ್ತಿಲ್ಲವಾದರೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಇದೆಯೇ ನೋಡಿ. ಸರ್ವರ್ ಯುಇಎಫ್‌ಐಯದಾಗಿದ್ದು ಈ ಫೋಲ್ಡರ್ ಇಲ್ಲದಿದ್ದರೆ ನೀವು ಬಯೋಸ್ ರೀತಿಯಲ್ಲಿ ಎದ್ದಿದ್ದೀರಿ. ಇಲ್ಲಿಂದ ಬೂಟ್‌ಲೋಡರ್ ಹಾಕಿದರೆ ತಪ್ಪು ಬಗೆಯದು ಕೂರುತ್ತದೆ. ಹಂತ 4ಕ್ಕೆ ಮರಳಿ.

ಸರಿಯಿದ್ದರೆ ರೂಟ್, ಬೂಟ್, ಇಎಫ್‌ಐ ವಿಭಾಗಗಳನ್ನು ಈ ಕ್ರಮದಲ್ಲೇ /ಎಂಎನ್‌ಟಿ ಕೆಳಗೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ --ಆರ್‌ಬೈಂಡ್ ಮಾಡಿ, ಸರ್ವರಿನ ಸ್ವಂತ ವ್ಯವಸ್ಥೆಯೊಳಗೆ ಹೋಗಲು ಸಿಎಚ್‌ರೂಟ್. /ಬೂಟ್ ಮೌಂಟ್ ಮಾಡಲು ಮರೆತರೆ ಎಲ್ಲ ಆಜ್ಞೆಗಳೂ ಯಶಸ್ವಿಯಾದಂತೆ ಕಾಣುತ್ತವೆ, ರೀಬೂಟ್ ಮಾಡಿದರೆ ಏನೂ ಬದಲಾಗಿರುವುದಿಲ್ಲ. ಮೊದಲು ಡಿಎಫ್ ನೋಡಿ: /ಬೂಟ್ ತುಂಬಿ, ಬೂಟ್‌ಗೆ ಬೇಕಾದ ಆರಂಭಿಕ ಫೈಲುಗಳ ಕಟ್ಟಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧ ಬರೆದದ್ದೇ ಎಷ್ಟೋ ಸಲ ಮೂಲ ಕಾರಣ. ಎಫ್‌ಎಸ್‌ಟ್ಯಾಬಿನ ಯುಯುಐಡಿಗಳನ್ನು ಬಿಎಲ್‌ಕೆಐಡಿ ಕೊಟ್ಟ ಪಟ್ಟಿಯೊಂದಿಗೆ ಹೋಲಿಸಿ. ತೆಗೆದುಹಾಕಿದ ಬ್ಯಾಕಪ್ ಡಿಸ್ಕಿನ ಸಾಲು ಅಲ್ಲೇ ಉಳಿದಿದ್ದರೆ ನೋಫೇಲ್ ಸೇರಿಸಿ.

ಡೆಬಿಯನ್, ಉಬುಂಟುಗಳಲ್ಲಿ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು -ಕೆ ಆಲ್, ನಂತರ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್. ರೆಡ್‌ಹ್ಯಾಟ್ ಬಳಗದಲ್ಲಿ ಡ್ರಾಕಟ್ -ಎಫ್ ಜೊತೆಗೆ --ಕೆವರ್ ಕೊಟ್ಟು ಸರ್ವರಿನ ಕರ್ನಲ್ ಆವೃತ್ತಿ ಹೇಳಲೇಬೇಕು. ಇಲ್ಲದಿದ್ದರೆ ಅದು ಈಗ ಓಡುತ್ತಿರುವ ರೆಸ್ಕ್ಯೂ ಕರ್ನಲ್ಲಿಗೆ ಮಾಡಲು ಹೊರಡುತ್ತದೆ. ಆ ಬಳಗದ ಯುಇಎಫ್‌ಐ ಸರ್ವರಿನಲ್ಲಿ ಗ್ರಬ್2-ಇನ್‌ಸ್ಟಾಲ್ ಬೇಡ, ಗ್ರಬ್2-ಇಎಫ್‌ಐ ಮತ್ತು ಶಿಮ್ ಪ್ಯಾಕೇಜುಗಳನ್ನು ಮರುಸ್ಥಾಪಿಸಿ. ಇಲ್ಲಿಂದ ಪಾಸ್‌ವರ್ಡ್ ಬದಲಿಸಿದ್ದರೆ ರೂಟಿನಲ್ಲಿ .ಆಟೋರೀಲೇಬಲ್ ಫೈಲು ಇಡಿ. ಇಡದಿದ್ದರೆ ಎಸ್‌ಇಲಿನಕ್ಸ್ ಲಾಗಿನ್ ಬಿಡದಿರಬಹುದು.

ಹಂತ 8: ಆಸರೆ ತೆಗೆಯುವುದು

ಇಎಫ್‌ಐಬೂಟ್‌ಎಂಜಿಆರ್ ಕೊಟ್ಟು ಡಿಸ್ಕಿನ ನಮೂದೇ ಮೊದಲಿದೆ ಎಂದು ಖಚಿತ ಮಾಡಿ, ನಂತರ ಆಸರೆ ಯಂತ್ರದಲ್ಲಿ ಡಿಎನ್‌ಎಸ್‌ಮಾಸ್ಕ್ ನಿಲ್ಲಿಸಿ, ಆಮೇಲೆ ರೀಬೂಟ್. ನಿಲ್ಲಿಸದೆ ಬಿಟ್ಟರೆ ಮುಂದಿನ ಗುರುವಾರ ಕರೆಂಟು ಹೋಗಿ ಬಂದಾಗ ಸರ್ವರ್ ಮತ್ತೆ ರೆಸ್ಕ್ಯೂ ಇಮೇಜಿಗೇ ಏಳಬಹುದು, ಅದೂ ಫೈರ್‌ವಾಲ್ ಇಲ್ಲದೆ.

ಸರ್ವರ್ ತನ್ನ ಡಿಸ್ಕಿನಿಂದ ಎದ್ದ ಮೇಲೆ ಸ್ವಿಚ್ ಪೋರ್ಟನ್ನು ಹಳೆಯ ವಿಎಲ್ಯಾನ್ ಮತ್ತು ಬಾಂಡಿಗೆ ಮರಳಿಸಿ, ಟ್ರಸ್ಟೆಡ್ ಗುರುತು ತೆಗೆಯಿರಿ, ಸೆಕ್ಯೂರ್ ಬೂಟ್ ಆನ್ ಮಾಡಿ ಇನ್ನೊಮ್ಮೆ ರೀಬೂಟ್ ಮಾಡಿ ನೋಡಿ. ರೇಡ್ ರೀಸಿಂಕ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಡೇಟಾಬೇಸ್ ಬ್ಯಾಕಪ್ಪಿನಂಥ ಭಾರದ ಕೆಲಸ ಹಚ್ಚಬೇಡಿ, ನ್ಯಾಸ್ ಮೇಲಿನ ನಕಲನ್ನೂ ಅಳಿಸಬೇಡಿ.